ಯಾರೂ ಕೇಳದ ಪ್ರಶ್ನೆ

ಅಮೆರಿಕದಲ್ಲಿ ನೆಲೆಸಿರುವ ಒಬ್ಬ ಮುಸ್ಲಿಮ್ ತನ್ನ ಹಳೆಯ ಕೋವಿಯನ್ನು ಮಾರಲು ಹೊರಟಿದ್ದಾನೆಂದು ಭಾವಿಸಿ. ಗಾಳಿಯಲ್ಲಿ ಹಾರಿಸಿದ ಬಿಲ್ಲೆಗಳಿಗೆ ಗುರಿಯಿಡುವುದು ಆ ದೇಶದಲ್ಲಿ ಜನಪ್ರಿಯ ಕ್ರೀಡೆ. ಪರವಾನಗಿ ಪಡೆದು ನಿಗದಿತ ಋತುವಿನಲ್ಲಿ ಬೇಟೆಯಾಡುವುದಕ್ಕೂ ಅಲ್ಲಿ ಕಾನೂನಿನ ಅನುಮತಿಯಿದೆ. ಆತನಲ್ಲಿರುವುದು ರೆಮಿಂಗ್ಟನ್ 1100. 1963ರಲ್ಲಿ ಹೊರಬಂದ ಈ ಸೆಮಿ ಆಟೋಮ್ಯಾಟಿಕ್ ಮಾದರಿಯಲ್ಲಿ, ಒಂದು ಈಡು ಹಾರಿದಾಗ ಹುಟ್ಟುವ ಅನಿಲದ ಒತ್ತಡವೇ ಖಾಲಿ ತೋಟಾವನ್ನು ಹೊರಗೆಸೆದು ಮುಂದಿನದನ್ನು ಒಳಗೆ ತರುತ್ತದೆ.

ಹೊರಗಿನಿಂದ ನೋಡಿದರೆ ಮರ ಹೊಳೆಯುತ್ತಿದೆ, ಉಕ್ಕು ಮಿನುಗುತ್ತಿದೆ. ಆದರೆ ಭುಜಕ್ಕೆ ಆನಿಸುವ ಮರದೊಳಗಿನ ಸ್ಪ್ರಿಂಗ್ ತುಕ್ಕು ಹಿಡಿದಿದೆ. ನಳಿಗೆಯ ಕೆಳಗಿನ ಮರದ ಒಳಮೈಯಲ್ಲಿ ಕೂದಲೆಳೆಯಷ್ಟು ಬಿರುಕಿದೆ. ಮಾರುವವನಿಗೆ ಇದೆಲ್ಲ ಗೊತ್ತು. ಕೊಳ್ಳಲು ಬಂದ ಯುವಕ ಹೊಸಬ. ಭುಜಕ್ಕೇರಿಸಿ ನೋಡಿದ, ಮೆಚ್ಚಿದ, ಬೆಲೆ ಕೇಳಿದ. ಸ್ಪ್ರಿಂಗಿನ ಬಗ್ಗೆ ಕೇಳಲಿಲ್ಲ. “ಇದ್ದ ಹಾಗೆ ಕೊಡುತ್ತಿದ್ದೇನೆ. ನಾಳೆ ಏನಾದರೂ ನನ್ನ ಹೊಣೆಯಿಲ್ಲ” ಎಂದು ಮಾರುವವನು ಹೇಳಿದ. ಯುವಕ ಒಪ್ಪಿಕೊಂಡ.

ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಹಾಗಾದರೆ ಇದು ವಂಚನೆಯೇ?

ಪ್ರವಾದಿ ಮುಹಮ್ಮದ್(ಸ)ರು ಒಮ್ಮೆ ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗಲಿತು. ಮಳೆ ಬಿದ್ದಿತ್ತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ಕೇಳಿದ ಪ್ರವಾದಿ(ಸ)ರು, ವಂಚಿಸುವವನು ತಮ್ಮವನಲ್ಲ ಎಂದು ಎಚ್ಚರಿಸಿದರು. ಗಮನಿಸಿ, ಆ ವ್ಯಾಪಾರಿಯೂ ಸುಳ್ಳಾಡಿರಲಿಲ್ಲ. ಒದ್ದೆ ಕೆಳಗಿತ್ತು, ಅವನು ಸುಮ್ಮನಿದ್ದ, ಅಷ್ಟೇ.

“ಆದರೆ ನಾನು ಷರತ್ತು ಹಾಕಿದ್ದೇನಲ್ಲ?” ಎಂದು ಕೋವಿ ಮಾರುವವನು ಕೇಳಬಹುದು. ಇದಕ್ಕೆ ಇಮಾಮ್ ಮಾಲಿಕ್(ರ)ರ ‘ಮುವತ್ತಾ’ದಲ್ಲಿ ವರದಿಯಾದ ಒಂದು ಪ್ರಸಂಗದಲ್ಲಿ ಉತ್ತರವಿದೆ. ಅಬ್ದುಲ್ಲಾ ಇಬ್ನು ಉಮರ್(ರ)ರು ದೋಷಗಳಿಗೆ ತಾವು ಹೊಣೆಯಲ್ಲವೆಂಬ ಷರತ್ತಿನ ಮೇಲೆ ಒಬ್ಬ ಗುಲಾಮನನ್ನು 800 ದಿರ್ಹಮ್‌ಗಳಿಗೆ ಮಾರಿದ್ದರು. ಅವನಿಗೆ ಕಾಯಿಲೆಯಿದೆಯೆಂದು ಕೊಂಡವನು ಖಲೀಫ ಉಸ್ಮಾನ್(ರ)ರ ಬಳಿ ದೂರಿತ್ತ. ಷರತ್ತು ಇತ್ತಲ್ಲ ಎಂದು ಖಲೀಫರು ದೂರನ್ನು ತಳ್ಳಿಹಾಕಲಿಲ್ಲ. ಮಾರುವಾಗ ಆ ಕಾಯಿಲೆಯ ಅರಿವು ಇರಲಿಲ್ಲವೆಂದು ಆಣೆ ಮಾಡುವಂತೆ ಇಬ್ನು ಉಮರ್(ರ)ರಿಗೆ ತೀರ್ಪಿತ್ತರು. ಅವರು ಆಣೆ ಮಾಡಲು ಒಪ್ಪದೆ ಗುಲಾಮನನ್ನು ಮರಳಿ ಪಡೆದರು. ಮುಂದೆ ಅವನು ಗುಣಮುಖನಾದ, 1500 ದಿರ್ಹಮ್‌ಗಳಿಗೆ ಮಾರಾಟವಾದ.

ಖಲೀಫರ ತೀರ್ಪು ನಿಂತದ್ದು ‘ನಿನಗೆ ಗೊತ್ತಿತ್ತೇ?’ ಎಂಬ ಒಂದೇ ಪ್ರಶ್ನೆಯ ಮೇಲೆ. ಇಂಥ ಷರತ್ತು ಎಷ್ಟರ ಮಟ್ಟಿಗೆ ಸಿಂಧು ಎಂಬ ಬಗ್ಗೆ ಮದ್‌ಹಬ್‌ಗಳಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ತಿಳಿದ ದೋಷವನ್ನು ಬಚ್ಚಿಡುವುದು ಪಾಪ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಧಾನ್ಯ ಒದ್ದೆಯಾದರೆ ಹಣ ನಷ್ಟವಾದೀತು. ಕೋವಿಯಲ್ಲಿ ತೋಟಾ ಸಿಕ್ಕಿಕೊಂಡರೆ ಆ ಹೊಸಬನ ಗಡಿಬಿಡಿಯಲ್ಲಿ ನಳಿಗೆಯ ಬಾಯಿ ಯಾರತ್ತ ತಿರುಗೀತು? ಬಾಣಗಳನ್ನು ಹಿಡಿದು ಮಸೀದಿ, ಸಂತೆಗಳಲ್ಲಿ ನಡೆಯುವಾಗ ಮೊನೆಗಳನ್ನು ಕೈಯಲ್ಲಿ ಮುಚ್ಚಿ ಹಿಡಿಯಬೇಕೆಂದು ಕಲಿಸಿದ ಪ್ರವಾದಿ(ಸ)ರ ಅನುಯಾಯಿಗಳು ನಾವು.

ಆದ್ದರಿಂದ ಕೇಳದಿದ್ದರೂ ಹೇಳಬೇಕು. ಸ್ಪ್ರಿಂಗ್ ಬದಲಿಸಬೇಕು, ಮರ ಬಿರಿದಿದೆ ಎನ್ನಬೇಕು. ಈ ನಳಿಗೆ 70 ಮಿಲಿಮೀಟರ್ ತೋಟಾಕ್ಕೆ ಮಾಡಿದ್ದು, 76 ಮಿಲಿಮೀಟರಿನದನ್ನು ಹಾಕಬೇಡ ಎನ್ನಬೇಕು. ಬಾತುಕೋಳಿಯಂಥ ನೀರುಹಕ್ಕಿಗಳ ಬೇಟೆಯಲ್ಲಿ ಸೀಸದ ಚರೆಯನ್ನು ಅಮೆರಿಕವು 1991ರಿಂದ ದೇಶದಾದ್ಯಂತ ನಿಷೇಧಿಸಿದೆ. ಸೀಸಕ್ಕಾಗಿ ಮಾಡಿದ ಹಳೆಯ ಬಿಗಿಬಾಯಿಯ ನಳಿಗೆಗೆ ಉಕ್ಕಿನ ಚರೆಯಿಂದ ಹಾನಿಯಾಗಬಹುದೆಂದೂ ತಿಳಿಸಬೇಕು. ಬೆಲೆ ಇಳಿದೀತು. ಆದರೆ ಮಾರುವವನೂ ಕೊಳ್ಳುವವನೂ ಸತ್ಯ ನುಡಿದು ದೋಷವನ್ನು ವಿವರಿಸಿದರೆ ಆ ವ್ಯಾಪಾರದಲ್ಲಿ ಬರಕತ್ ಇದೆಯೆಂದೂ ಬಚ್ಚಿಟ್ಟರೆ ಅದು ಅಳಿಸಿಹೋಗುತ್ತದೆಂದೂ ಪ್ರವಾದಿ(ಸ)ರು ತಿಳಿಸಿದ್ದಾರೆ.

ಇನ್ನು ಕೊಳ್ಳುವವನ ಸರದಿ. ಅವನಿಗೂ ಯಾರೂ ಕೇಳದ ಒಂದು ಪ್ರಶ್ನೆಯಿದೆ. ಈ ಕೋವಿಯಿಂದ ಏನನ್ನು ಹೊಡೆಯುತ್ತೀ?

ಇದೇ ಇಬ್ನು ಉಮರ್(ರ)ರು ಒಮ್ಮೆ ದಾರಿಯಲ್ಲಿ ಹೋಗುತ್ತಿದ್ದಾಗ ಕುರೈಶ್ ಯುವಕರು ಹಕ್ಕಿಯೊಂದನ್ನು ಗುರಿಯಾಗಿ ನಿಲ್ಲಿಸಿ ಬಾಣ ಬಿಡುತ್ತಿದ್ದರು. ಗುರಿ ತಪ್ಪಿದ ಬಾಣಗಳೆಲ್ಲ ಹಕ್ಕಿಯ ಒಡೆಯನಿಗೆ ಸಲ್ಲುತ್ತಿದ್ದವು. ಇವರನ್ನು ಕಂಡೊಡನೆ ಅವರು ಚದುರಿಹೋದರು. ಜೀವವಿರುವುದನ್ನು ಗುರಿಹಲಗೆಯಾಗಿ ಮಾಡುವವನನ್ನು ಪ್ರವಾದಿ(ಸ)ರು ಶಪಿಸಿದ್ದಾರೆಂದು ಇಬ್ನು ಉಮರ್(ರ)ರು ಖಂಡಿಸಿದರು.

ಶತಮಾನಗಳ ಬಳಿಕವೂ ಜಗತ್ತು ಆ ಆಟವನ್ನು ಬಿಟ್ಟಿರಲಿಲ್ಲ. 1900ರ ಪ್ಯಾರಿಸ್ ಒಲಿಂಪಿಕ್ಸ್ ವೇಳೆ ಜೀವಂತ ಪಾರಿವಾಳಗಳನ್ನು ಹಾರಿಸಿ ಹೊಡೆದುರುಳಿಸಲಾಯಿತು. 1880ರ ಸುಮಾರಿಗೆ ಸಿನ್ಸಿನಾಟಿಯ ಜಾರ್ಜ್ ಲಿಗೋವ್ಸ್ಕಿ ರೂಪಿಸಿದ ಮಣ್ಣಿನ ಬಿಲ್ಲೆ ಕ್ರಮೇಣ ಹಕ್ಕಿಯ ಜಾಗಕ್ಕೆ ಬಂತು. ಇಂದು ಅದನ್ನು ಸುಣ್ಣಕಲ್ಲಿನ ಪುಡಿ ಮತ್ತು ರಾಳದಂಥ ಅಂಟಿನಿಂದ ಮಾಡುತ್ತಾರೆ. ಬಿಲ್ಲೆ ಒಡೆದರೆ ಯಾವ ಮರಿಯೂ ಅನಾಥವಾಗುವುದಿಲ್ಲ. ಗುರಿಗಾರಿಕೆಯ ಸಂತೋಷ ಬೇಕೆಂದರೆ ಅದು ಸಾಕು.

ಬೇಟೆಯನ್ನು ಇಸ್ಲಾಮ್ ಆಹಾರಕ್ಕಾಗಿ ಅನುಮತಿಸಿದೆ, ಮೋಜಿಗಾಗಿ ಅಲ್ಲ. ಗುಬ್ಬಿಯನ್ನಾದರೂ ಅದರ ಹಕ್ಕು ಸಲ್ಲಿಸದೆ ಕೊಂದವನು ಅಲ್ಲಾಹನ ಮುಂದೆ ಉತ್ತರಿಸಬೇಕೆಂದು ನಸಾಈ ಸಂಗ್ರಹದ ಹದೀಸ್ ತಿಳಿಸುತ್ತದೆ. ಕೊಂದು ಎಸೆಯುವುದಲ್ಲ, ಝಬಹ್ ಮಾಡಿ ತಿನ್ನುವುದೇ ಆ ಹಕ್ಕು. ಮೊನಚಿನಿಂದ ಸೀಳಿದ್ದನ್ನು ತಿನ್ನಿ, ಬರಿಯ ಏಟಿನಿಂದ ಸತ್ತದ್ದನ್ನು ತಿನ್ನಬೇಡಿ ಎಂಬುದು ಅದೀ ಇಬ್ನು ಹಾತಿಮ್(ರ)ರಿಗೆ ದೊರೆತ ಮಾರ್ಗದರ್ಶನದ ಸಾರ. ಹೀಗಾಗಿ ಚರೆ ತಗಲಿ ಸತ್ತ ಪ್ರಾಣಿಯ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಈಡು ಹಾರಿಸುವಾಗ ಅಲ್ಲಾಹನ ನಾಮ ಉಚ್ಚರಿಸಿ. ಜೀವವಿರುವಾಗಲೇ ಸಿಕ್ಕರೆ ತಡಮಾಡದೆ ಝಬಹ್ ಮಾಡಿ. ಉಳಿದದ್ದನ್ನು ನಿಮ್ಮ ಮದ್‌ಹಬಿನ ವಿದ್ವಾಂಸರಲ್ಲಿ ಕೇಳಿ ತಿಳಿದುಕೊಳ್ಳಿ.

ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ತಡೆದಿದೆ. ನಮ್ಮಲ್ಲಿ ಹೆಚ್ಚಿನವರು ಕೋವಿಯನ್ನು ಮುಟ್ಟಿಯೂ ಇರಲಾರರು. ಆದರೆ ಹಳೆಯ ಬೈಕು, ಫ್ರಿಜ್ಜು, ಮೊಬೈಲುಗಳನ್ನು ಮಾರದವರು ಯಾರಿದ್ದಾರೆ? ಬ್ರೇಕ್ ಹಿಡಿಯದ ಬೈಕನ್ನು ತೊಳೆದು ಒರೆಸಿ ಕೊಡುವಾಗ ಕೊಳ್ಳುವವನು ಕೇಳದಿರಬಹುದು. ನಿನಗೆ ಗೊತ್ತಿತ್ತೇ ಎಂದು ನಾಳೆ ಅಲ್ಲಾಹನು ಕೇಳುವನು. ಅಂದು ಆಣೆ ಮಾಡಲು ನಮಗೆ ಧೈರ್ಯವಿದೆಯೇ?