ಇಂದಿನ ಧಮ್ಮ ಚಿಂತನೆ: ಪಲ್ಟನ್ನಿನ ಮುತ್ತಜ್ಜ



ಮೊನ್ನೆ ತರಗತಿಯಲ್ಲಿ ನಮ್ಮ ಕೇರಿಯ ಹುಡುಗನೊಬ್ಬ ಕೇಳಿದ: "ಸರ್, ನಮ್ಮ ತಾತನ ಅಜ್ಜ ಇಂಗ್ಲಿಷರ ಪಲ್ಟನ್ನಿನಲ್ಲಿದ್ದರಂತೆ. ಅವರು ದ್ರೋಹಿಗಳಾ?" ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಬಾಬಾಸಾಹೇಬರ ಅಜ್ಜ ಮಾಲೋಜಿ, ತಂದೆ ರಾಮಜಿ ಇಬ್ಬರೂ ಅದೇ ಸೈನ್ಯದವರು. ಊರು ಮುಚ್ಚಿದ್ದ ಅಕ್ಷರದ ಬಾಗಿಲು ಸೈನ್ಯದಲ್ಲಿ ತೆರೆಯಿತು. ಸುಬೇದಾರ್ ರಾಮಜಿ ಸೈನ್ಯದ ಶಾಲೆಯಲ್ಲೇ ಮುಖ್ಯೋಪಾಧ್ಯಾಯರಾದರು. 1891ರಲ್ಲಿ ಮಹೂ ದಂಡಿನಲ್ಲಿ ಭೀಮರಾಯರು ಹುಟ್ಟಿದರು. ಒಂದೆರಡು ವರ್ಷದಲ್ಲೇ ಸರ್ಕಾರ ಮಹಾರರ ನೇಮಕಾತಿ ನಿಲ್ಲಿಸಿತು. ದುಡಿಸಿಕೊಂಡವರೇ ಕೈಬಿಟ್ಟರು.

ಯೋಧರ ಮುಖಂಡನೊಬ್ಬ ಬುದ್ಧರನ್ನು ಕೇಳಿದ್ದ: "ಕಾಳಗದಲ್ಲಿ ಸತ್ತವನಿಗೆ ಸ್ವರ್ಗವಂತೆ, ನಿಜವೇ?" ಭಗವಾನರು ಎರಡು ಸಲ, ಇದನ್ನು ಕೇಳಬೇಡ ಎಂದರು. ಮೂರನೆಯ ಸಲ, ಕೊಲ್ಲುವ ಮನಸ್ಸಿಗೆ ಸ್ವರ್ಗವಿಲ್ಲ ಎಂದರು. ಅವನು ಅತ್ತ. ಬುದ್ಧರ ಮಾತಿಗಲ್ಲ, ಹಳೆಯ ಗುರುಗಳು ಇಷ್ಟು ಕಾಲ ತನ್ನನ್ನು ನಂಬಿಸಿ ಮೋಸ ಮಾಡಿದ್ದಕ್ಕೆ.

ಮರುದಿನ ಹುಡುಗನಿಗೆ ಹೇಳಿದೆ: "ದ್ರೋಹಿ ಅಲ್ಲಪ್ಪ, ದೇವರೂ ಅಲ್ಲ. ಅವರಿಗೆ ಬೇರೆ ಯಾವ ಬಾಗಿಲು ತೆರೆದಿತ್ತು, ಅದನ್ನು ಮೊದಲು ಕೇಳು. ಬಂದೂಕು ಅವರ ಹೊಟ್ಟೆಪಾಡು. ನಾವು ಉಳಿಸಿಕೊಳ್ಳಬೇಕಾದದ್ದು ಅಕ್ಷರ." ಹಿರಿಯರನ್ನು ಇದ್ದ ಹಾಗೆ ನೋಡುವುದೂ ಸಮ್ಯಕ್ ದೃಷ್ಟಿಯೇ.

ಇಂದು ಸಂಜೆ ಮನೆಯ ಹಿರಿಯರ ಬಳಿ ಕೂತು ಕೇಳಿ, ಬರೆದಿಡಿ.

ಭವತು ಸಬ್ಬ ಮಂಗಲಂ.