ಸೂರ್ಯಾಸ್ತದೊಳಗೆ ಮನೆ ಸೇರಲು ಕೊಟ್ಟ ಹಣ

ನೈರೋಬಿ ನಗರವು ಭೂಮಧ್ಯರೇಖೆಗೆ ತೀರ ಸಮೀಪದಲ್ಲಿದೆ. ಆದುದರಿಂದ ಅಲ್ಲಿ ವರ್ಷವಿಡೀ ಸಂಜೆ ಆರೂವರೆಯ ಹಿಂದುಮುಂದಿನಲ್ಲಿಯೇ ಸೂರ್ಯಾಸ್ತವಾಗುತ್ತದೆ; ಬೇಸಗೆಯಲ್ಲಿ ಹಗಲು ಹಿಗ್ಗಿ ಊಟಕ್ಕೆ ಬಿಡುವು ದೊರೆಯುವ ಅನುಕೂಲ ಅಲ್ಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಿಂದ ಜಾಮನಗರದ ಸುತ್ತಿನ ಹಳ್ಳಿಗಳ ಓಸವಾಳ ಜೈನರು ಕೀನ್ಯಾ ದೇಶಕ್ಕೆ ಹೋಗಿ ನೆಲೆಸಿದ್ದು, ನೈರೋಬಿ ಮೊಂಬಾಸಾಗಳಲ್ಲಿ ಅವರ ಜಿನಮಂದಿರಗಳಿವೆ. ಅಂಥ ಒಂದು ಮನೆಗೆ ಭಾರತದಿಂದ ಬಂದ ನೆಂಟನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ರಾತ್ರಿಭೋಜನ ತ್ಯಾಗದ ನಿಯಮವನ್ನು ಇಪ್ಪತ್ತು ವರ್ಷಗಳಿಂದ ಭಂಗವಿಲ್ಲದೆ ನಡೆಸಿಕೊಂಡು ಬಂದವನು. ಬಂಧುಗಳ ಕಾರನ್ನು ತಾನೇ ನಡೆಸುತ್ತ, ಹೆಂಡತಿ ಮತ್ತು ಇಬ್ಬರು ಮಕ್ಕಳೊಡನೆ ಹೊರಗೆ ಹೋಗಿ ಮರಳುತ್ತಿದ್ದಾನೆ. ಗಂಟೆ ಐದೂ ಐವತ್ತು. ರಸ್ತೆಯ ಅಂಚಿನಿಂದ ಪೊಲೀಸನು ಕೈ ತೋರಿಸುತ್ತಾನೆ.

ಮುಂದಿನ ಸಂಗತಿ ಆಫ್ರಿಕಾದಲ್ಲಿ ಕಾರು ನಡೆಸಿದ ಅನೇಕರಿಗೆ ಪರಿಚಿತವಾದುದೇ. ಪೊಲೀಸನು ಲೈಸೆನ್ಸು ಕೇಳಿ ಪಡೆದು ಅದನ್ನು ಹಿಂದಕ್ಕೆ ಕೊಡುವುದಿಲ್ಲ. ಊರ ಮಿತಿಯೊಳಗೆ ಗಂಟೆಗೆ ೫೦ ಕಿಲೋಮೀಟರನ್ನು ಮೀರಿದ್ದೀರಿ ಎನ್ನುತ್ತಾನೆ. ವೇಗವನ್ನು ಅಳೆದ ಯಂತ್ರವನ್ನು ತೋರಿಸುವುದಿಲ್ಲ. ಇಂದು ಠಾಣೆ, ನಾಳೆ ನ್ಯಾಯಾಲಯ, ದಂಡ ಹತ್ತು ಸಾವಿರ ಶಿಲಿಂಗು ಎಂದು ಹೇಳಿ ಸುಮ್ಮನಾಗುತ್ತಾನೆ. ಆ ಮೌನವೇ ಅವನ ಮುಖ್ಯ ಆಯುಧ. ಸ್ವಲ್ಪ ಹೊತ್ತಿನ ನಂತರ, ಬಿಸಿಲಿನಲ್ಲಿ ನಿಂತು ದಣಿದಿದ್ದೇನೆ, ಚಹಾಕ್ಕೆ ಏನಾದರೂ ಆದರೆ ಒಳ್ಳೆಯದು ಎಂಬ ಮಾತು ಬರುತ್ತದೆ. ಆತನು ಸೂರ್ಯನನ್ನು ನೋಡುತ್ತಾನೆ. ಒಂದು ಸಾವಿರ ಶಿಲಿಂಗು ಕೈ ಬದಲಿಸುತ್ತದೆ. ಆರೂಕಾಲಕ್ಕೆ ಮನೆ ಸೇರಿ, ಕೈಕಾಲು ತೊಳೆದು, ಸೂರ್ಯನು ಮುಳುಗುವ ಮೊದಲೇ ಎಲ್ಲರ ಊಟ ಮುಗಿಯುತ್ತದೆ. (ಅಸ್ತಕ್ಕೆ ಎರಡು ಘಳಿಗೆ ಮುಂಚೆಯೇ ಬಾಯಿ ತೊಳೆಯುವ ಕಟ್ಟುನಿಟ್ಟಿನವರು ಈ ಲೆಕ್ಕವನ್ನು ಒಪ್ಪಲಾರರು, ಆ ಚರ್ಚೆ ಇಲ್ಲಿ ಬೇಡ.) ನಿಯಮ ಉಳಿಯಿತೆಂದು ಮನೆಯವರೆಲ್ಲ ಸಂತೋಷಪಡುತ್ತಾರೆ. ರಾತ್ರಿ ಮಲಗಿದ ಮೇಲೆ ಆತನೊಬ್ಬನಿಗೆ ಮಾತ್ರ ನಿದ್ರೆ ಬರುವುದಿಲ್ಲ. ಉಳಿದದ್ದು ಯಾವುದು?

ಲಂಚಕ್ಕೆ ಅದರ ನಿಜವಾದ ಹೆಸರನ್ನು ಇಡಲು ಯಾವ ದೇಶದ ಜನರೂ ಇಷ್ಟಪಡುವುದಿಲ್ಲ. ಕೀನ್ಯಾದಲ್ಲಿ ಅದು 'ಚಾಯ್', ಇಲ್ಲವೆ 'ಕಿಟು ಕಿಡೋಗೊ', ಎಂದರೆ ಚಿಕ್ಕದೊಂದು ವಸ್ತು. ಇಂಡೋನೇಷ್ಯದಲ್ಲಿ 'ಉವಾಂಗ್ ದಾಮೈ', ಶಾಂತಿಯ ಹಣ. ಮೆಕ್ಸಿಕೋದವರು ಮಾತ್ರ 'ಮೊರ್ದಿದಾ' ಎನ್ನುತ್ತಾರೆ, ಕಚ್ಚು ಎಂದರ್ಥ. ಇವುಗಳಲ್ಲಿ ಪ್ರಾಮಾಣಿಕವಾದ ಹೆಸರು ಬಹುಶಃ ಅದೊಂದೇ. ಕನ್ನಡದವರು 'ಮಾಮೂಲು' ಎಂದು ಕರೆದು ಅದಕ್ಕೆ ಸಂಪ್ರದಾಯದ ಗೌರವವನ್ನೇ ಕೊಟ್ಟುಬಿಟ್ಟಿದ್ದಾರೆ. ಹೆಸರು ಮೆತ್ತಗಾದಂತೆ ಕೊಡುವ ಕೈಯೂ ಮೆತ್ತಗಾಗುತ್ತದೆ.

ಮೊದಲು ಒಂದು ವಿಷಯವನ್ನು ಬೇರ್ಪಡಿಸಿಕೊಳ್ಳಬೇಕು. ಆತನು ನಿಜವಾಗಿ ವೇಗದ ಮಿತಿಯನ್ನು ಮೀರಿದ್ದನೇ? ಸೂರ್ಯಾಸ್ತದ ಆತುರದಲ್ಲಿದ್ದವನು ಮೀರಿರಲೂ ಸಾಕು. ಹಾಗಿದ್ದರೆ ಆತನು ಸುಲಿಗೆಗೆ ಒಳಗಾದವನೇ ಅಲ್ಲ, ತನ್ನ ದಂಡವನ್ನು ಅಗ್ಗದ ದರಕ್ಕೆ ಕೊಂಡುಕೊಂಡವನು. ಕೀನ್ಯಾದ ರಸ್ತೆಗಳಲ್ಲಿ ಅಪಘಾತದಿಂದ ಸಾಯುವವರಲ್ಲಿ ಎಲ್ಲರಿಗಿಂತ ಹೆಚ್ಚಿನವರು ಪಾದಚಾರಿಗಳು. ಊರೊಳಗಿನ ೫೦ರ ಮಿತಿ ಇರುವುದು ಅವರಿಗಾಗಿ. ಜೀವದಯೆಗಾಗಿ ದೀಪದ ಬೆಳಕಿನಲ್ಲಿ ಉಣ್ಣದವನು, ರಸ್ತೆ ದಾಟುವ ಮನುಷ್ಯನ ರಕ್ಷಣೆಗಾಗಿ ಇರುವ ಕಟ್ಟಳೆಯನ್ನು ಮೀರಿ, ಆ ಮೀರಿದ್ದನ್ನು ಹಣದಿಂದ ಅಳಿಸಿದನೆಂದರೆ ಅದರಲ್ಲಿ ಚರ್ಚಿಸಲು ಏನೂ ಉಳಿಯುವುದಿಲ್ಲ. ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಹೇಳುವ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದೆಂಬುದನ್ನು ವಾಚಕರು ಬಲ್ಲರು. ವ್ಯಾಖ್ಯಾನಕಾರರು ಅದನ್ನು ಹೆಚ್ಚಾಗಿ ವ್ಯಾಪಾರಕ್ಕೆ ಅನ್ವಯಿಸಿದ್ದಾರೆ; ಪರರಾಜ್ಯದ ರಸ್ತೆಗೆ ಅನ್ವಯಿಸಲು ಅಡ್ಡಿಯೇನೂ ಕಾಣದು.

ಕಷ್ಟವಿರುವುದು ಎರಡನೆಯ ಸಂದರ್ಭದಲ್ಲಿ. ಆತನು ಮಿತಿಯೊಳಗೇ ಇದ್ದನು. ಪೊಲೀಸನು ಸುಳ್ಳು ಹೇಳಿದನು. ಆಗ ಕೊಟ್ಟ ಹಣದ ದೋಷ ಯಾರದು? ಬಲವಂತಕ್ಕೆ ಒಳಗಾಗಿ ಕೊಟ್ಟೆ ಎಂಬ ಉತ್ತರ ಎಲ್ಲರ ನಾಲಗೆಯ ತುದಿಯಲ್ಲಿರುತ್ತದೆ. ಶಾಸ್ತ್ರವೂ ಬಲವಂತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟಿಲ್ಲ. ಉಪಾಸಕದಶಾಂಗದಲ್ಲಿ ಆನಂದ ಶ್ರಾವಕನು ಭಗವಾನ್ ಮಹಾವೀರರ ಮುಂದೆ ನಿಯಮ ಸ್ವೀಕರಿಸುವಾಗ, ರಾಜನ ಬಲವಂತ, ಗಣದ ಬಲವಂತ, ಬಲಶಾಲಿಯ ಬಲವಂತ ಮೊದಲಾದ ಅಪವಾದಗಳನ್ನು ಇಟ್ಟುಕೊಳ್ಳುತ್ತಾನೆ. ಅಲ್ಲಿಯ ಪ್ರಸಂಗ ಬೇರೆ, ಅದು ಅನ್ಯಮತೀಯರ ವಂದನೆಗೆ ಸಂಬಂಧಿಸಿದುದು. ಆದರೆ ಗೃಹಸ್ಥನು ರಾಜಬಲದ ಎದುರು ಅಸಹಾಯಕನಾಗಬಹುದೆಂಬ ವಿವೇಕ ಅದರಲ್ಲಿದೆ. ಇಂದಿನ ಕಾನೂನುಗಳೂ ಇದೇ ದಾರಿಯನ್ನು ಹಿಡಿದಿವೆ. ಬ್ರಿಟನ್ನಿನ ೨೦೧೦ರ ಲಂಚ ಕಾಯಿದೆ ಬಹಳ ಕಠಿಣವಾದುದು, ಕೆಲಸ ಬೇಗನೆ ಆಗಲೆಂದು ಕೊಡುವ ಸಣ್ಣ ಮೊತ್ತವನ್ನೂ ಅದು ಕ್ಷಮಿಸದು. ಆದರೂ ಪ್ರಾಣ, ಅಂಗ ಅಥವಾ ಸ್ವಾತಂತ್ರ್ಯದ ಹಾನಿಯಿಂದ ಪಾರಾಗಲು ಬೇರೆ ದಾರಿಯಿಲ್ಲದೆ ಕೊಟ್ಟವನಿಗೆ ರಕ್ಷಣೆ ದೊರೆಯಬಹುದೆಂದು ೨೦೧೧ರಲ್ಲಿ ಅಲ್ಲಿಯ ಸರಕಾರ ಹೊರಡಿಸಿದ ಮಾರ್ಗದರ್ಶನ ಹೇಳುತ್ತದೆ. ಭಾರತದಲ್ಲಿ ೨೦೧೮ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಏಳು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಬಲವಂತದಿಂದ ಕೊಟ್ಟವನು ಏಳು ದಿನಗಳೊಳಗೆ ಅಧಿಕಾರಿಗಳಿಗೆ ತಿಳಿಸಿದರೆ ಮಾತ್ರ ಆತನಿಗೆ ವಿನಾಯಿತಿ.

ಈ ಏಳು ದಿನಗಳ ನಿಯಮವನ್ನು ಸ್ವಲ್ಪ ನಿಂತು ನೋಡಬೇಕು. ಬಲವಂತಕ್ಕೆ ಒಳಗಾದೆ ಎನ್ನುವವನು ಬಲವಂತ ತೊಲಗಿದ ಮೇಲೆ ಏನು ಮಾಡಿದನೆಂದು ಅದು ಕೇಳುತ್ತದೆ. ದರೋಡೆಗೆ ಒಳಗಾದವನು ಮರುದಿನ ಠಾಣೆಗೆ ಹೋಗಿ ಹೇಳುತ್ತಾನೆ, ನೆರೆಯವರಿಗೆ ಎಚ್ಚರಿಸುತ್ತಾನೆ. ಲಂಚ ಕೊಟ್ಟವನೋ, ಎಷ್ಟಕ್ಕೆ ಮುಗಿಸಿದೆ ಎಂದು ಊಟದ ಮನೆಯಲ್ಲಿ ಚಾತುರ್ಯದ ಕಥೆ ಹೇಳುತ್ತಾನೆ. ಕೇಳಿದವರು, ಐನೂರಕ್ಕೇ ಆಗುತ್ತಿತ್ತು, ಹೆಚ್ಚು ಕೊಟ್ಟಿರಿ ಎನ್ನುತ್ತಾರೆ. ಬಲವಂತವು ಹೀಗೆ ನಗೆಮಾತಾಗುವಲ್ಲಿ ಕೃತ, ಕಾರಿತ, ಅನುಮೋದನಗಳೆಂಬ ಮೂರರಲ್ಲಿ ಮೂರನೆಯದು ಸದ್ದಿಲ್ಲದೆ ಸೇರಿಕೊಂಡಿರುತ್ತದೆ.

ಇನ್ನು ನೈರೋಬಿಯ ಆ ರಸ್ತೆಯಲ್ಲಿ ನಿಜವಾದ ಬಲವಂತ ಎಷ್ಟಿತ್ತು? ಕೀನ್ಯಾದ ೨೦೧೦ರ ಸಂವಿಧಾನದ ೪೯ನೆಯ ವಿಧಿಯಂತೆ, ಕೇವಲ ದಂಡ ಅಥವಾ ಆರು ತಿಂಗಳಿಗೆ ಮೀರದ ಸೆರೆ ವಿಧಿಸಬಹುದಾದ ಅಪರಾಧಕ್ಕಾಗಿ ಯಾರನ್ನೂ ಬಂಧನದಲ್ಲಿ ಮುಂದುವರಿಸಲಾಗದು. ಠಾಣೆಯಲ್ಲಿ ನಗದು ಜಾಮೀನು ಕಟ್ಟಿದರೆ ಅದಕ್ಕೆ ರಸೀದಿ ಕೊಡಬೇಕು. ಆಮೇಲೆ ನ್ಯಾಯಾಲಯಕ್ಕೆ ಹಾಜರಾಗಬೇಕು. ರಸೀದಿಯಿಲ್ಲದೆ ರಸ್ತೆಯಲ್ಲಿ ಕೊಡುವ ಹಣ ದಂಡವೂ ಅಲ್ಲ, ಜಾಮೀನೂ ಅಲ್ಲ. ಅಷ್ಟೇ ಅಲ್ಲ, ಆ ದೇಶದ ೨೦೧೬ರ ಲಂಚ ಕಾಯಿದೆಯಂತೆ ಕೊಟ್ಟವನೂ ತೆಗೆದುಕೊಂಡವನೂ ಅಪರಾಧಿಗಳೇ, ಶಿಕ್ಷೆ ಹತ್ತು ವರ್ಷದವರೆಗೆ ಹೋಗಬಹುದು. ಪರದೇಶದ ಪ್ರಯಾಣಿಕನಿಗೆ ಇದು ಯಾವುದೂ ತಿಳಿದಿರುವುದಿಲ್ಲ. ಪೊಲೀಸನಿಗೆ ಬಂದೂಕಿಗಿಂತಲೂ ಹೆಚ್ಚಾಗಿ ಒದಗುವುದು ಈ ಅಜ್ಞಾನವೇ.

ಆತನು ಮಾಡಬಹುದಾಗಿದ್ದುದು ಹೆಚ್ಚೇನೂ ಇಲ್ಲ. ಮಾತಿನಲ್ಲಿ ವಿನಯವಿಟ್ಟುಕೊಂಡು, ತಪ್ಪಿದ್ದರೆ ಬರೆದುಕೊಡಿ, ಠಾಣೆಗೆ ಹೋಗೋಣ, ರಸೀದಿ ಪಡೆದು ಕಟ್ಟುತ್ತೇನೆ ಎನ್ನಬಹುದಾಗಿತ್ತು. ಪೊಲೀಸನ ಹೆಸರನ್ನೂ ಠಾಣೆಯ ಹೆಸರನ್ನೂ ಕೇಳಬಹುದಾಗಿತ್ತು. ಅನೇಕ ವೇಳೆ ಲೈಸೆನ್ಸು ಅಷ್ಟಕ್ಕೇ ಹಿಂದಿರುಗುತ್ತದೆ, ಏಕೆಂದರೆ ಠಾಣೆಗೆ ಹೋಗಿಬರುವ ಹೊತ್ತಿನಲ್ಲಿ ಪೊಲೀಸನು ಹತ್ತು ವಾಹನಗಳನ್ನು ಕಳೆದುಕೊಳ್ಳುತ್ತಾನೆ. ಕೆಲವು ವೇಳೆ ಹಿಂದಿರುಗುವುದಿಲ್ಲ. ಆಗ ಎರಡು ತಾಸು ಹೋಗುತ್ತದೆ, ಸೂರ್ಯನು ಮುಳುಗುತ್ತಾನೆ.

ನಿರ್ಜನ ಮಾರ್ಗ, ನಡುರಾತ್ರಿ, ಕುಡಿದ ಸಶಸ್ತ್ರ ಸಿಪಾಯಿ, ಹಿಂದಿನ ಆಸನದಲ್ಲಿ ಹೆಂಡತಿ ಮಕ್ಕಳು: ಅಂಥಲ್ಲಿ ಕೊಟ್ಟವನನ್ನು ಯಾರೂ ಪ್ರಶ್ನಿಸಬಾರದು. ಅದು ಸುಲಿಗೆ, ಕೊಟ್ಟವನು ಅದರಲ್ಲಿ ಪಾಲುಗಾರನಲ್ಲ. ಆದರೆ ನೂರು ಜನರು ಕೊಡುವಾಗ ತೊಂಬತ್ತು ಜನರು ಪ್ರಾಣಭಯದಿಂದ ಕೊಡುವುದಿಲ್ಲ, ಹೊತ್ತಾಗುತ್ತದೆಂದು ಕೊಡುತ್ತಾರೆ. ಬಲವಂತವೆಂದು ಅವರು ಕರೆಯುವುದು ಅವಸರವನ್ನು. ವಿಮಾನ ತಪ್ಪೀತು, ಸಭೆಗೆ ತಡವಾದೀತು, ಊಟ ತಪ್ಪೀತು. ಈ ಅವಸರವನ್ನು ಅಳೆಯುವುದರಲ್ಲಿ ರಸ್ತೆಯ ಪೊಲೀಸನಷ್ಟು ನಿಪುಣರು ವಿರಳ.

ಕೊಟ್ಟವನು ಹೊರಟುಹೋಗುತ್ತಾನೆ ಎಂಬುದು ಇದರ ಇನ್ನೊಂದು ಮುಖ. ಪರದೇಶಿಯು ಮುಂದಿನ ವಾರ ವಿಮಾನ ಹತ್ತುತ್ತಾನೆ. ಸಾವಿರ ಶಿಲಿಂಗು ಅವನಿಗೆ ಒಂದು ಊಟದ ಬೆಲೆ. ಅದೇ ರಸ್ತೆಯಲ್ಲಿ ದಿನವೂ ನಿಲ್ಲಬೇಕಾದವನು 'ಮಟಾಟು' ಎಂಬ ಬಾಡಿಗೆ ವಾಹನದ ಚಾಲಕ. ಆತನು ಕೊಟ್ಟದ್ದು ಪ್ರಯಾಣಿಕರ ತಲೆಯ ಮೇಲೆ ಬೀಳುತ್ತದೆ, ಅದಕ್ಕಾಗಿ ಆತನು ಹೆಚ್ಚು ಜನರನ್ನು ತುರುಕುತ್ತಾನೆ. ಅಚೌರ್ಯದ ಮೊದಲ ಅತಿಚಾರವಾದ ಸ್ತೇನಪ್ರಯೋಗವೆಂದರೆ ಕಳ್ಳನನ್ನು ಕಳವಿಗೆ ಪ್ರೇರಿಸುವುದು. ಯಾರೂ ಪೊಲೀಸನಿಗೆ ಹೋಗಿ ಕದಿಯೆಂದು ಹೇಳುವುದಿಲ್ಲ, ನಿಜ. ಆದರೆ ಸಲೀಸಾಗಿ ಬಂದ ಸಾವಿರವು ಮುಂದಿನ ವಾಹನಕ್ಕೆ ಕೈ ತೋರಿಸುವಂತೆ ಆತನನ್ನು ಪ್ರೇರಿಸದೆ ಇರುತ್ತದೆಯೇ?

ತೆಗೆದುಕೊಳ್ಳುವವನ ಕಡೆಗೂ ನ್ಯಾಯವಾಗಿ ನೋಡಬೇಕು. ಕೀನ್ಯಾದಲ್ಲಿ ಪೊಲೀಸರ ನಡತೆಯ ಪರಿಶೀಲನೆ ೨೦೧೩ರ ಕೊನೆಯಲ್ಲಿ ಆರಂಭವಾಯಿತು. ಸಂಚಾರ ಪೊಲೀಸರ ಸರದಿ ಬಂದಾಗ ಅವರ ದೂರವಾಣಿಗಳ ಎಂ-ಪೆಸಾ ಲೆಕ್ಕಗಳನ್ನು ತೆರೆಸಲಾಯಿತು. ಕೆಳಗಿನವರಿಂದ ಮೇಲಧಿಕಾರಿಗಳಿಗೆ ಹಣ ಹರಿದುಹೋಗುತ್ತಿದ್ದುದು ಅಲ್ಲಿ ಕಂಡುಬಂದಿತು. ರಸ್ತೆಯಲ್ಲಿ ನಿಂತವನು ಕೊಳವೆಯ ಬಾಯಿ ಮಾತ್ರ. ಜಾರ್ಜಿಯಾ ದೇಶದ ಸಂಚಾರ ಪೊಲೀಸರೂ ಹಿಂದೆ ಹೀಗೆಯೇ ಇದ್ದರು. ೨೦೦೩ರ ನವೆಂಬರಿನಲ್ಲಿ ಅಲ್ಲಿ ಆಡಳಿತ ಬದಲಾದ ಮೇಲೆ ಇಡೀ ಸಂಚಾರ ದಳವನ್ನೇ ವಿಸರ್ಜಿಸಿ, ಹೊಸಬರನ್ನು ಆರಿಸಿ, ಸಂಬಳ ಏರಿಸಿ, ಹೊಸ ಗಸ್ತುದಳವನ್ನು ಕಟ್ಟಲಾಯಿತು. ಕೆಲವೇ ವರ್ಷಗಳಲ್ಲಿ ರಸ್ತೆಯ ಲಂಚ ಬಹುಮಟ್ಟಿಗೆ ಇಲ್ಲವಾಯಿತು. ಅಂಥ ಕೆಲಸ ರಾಜ್ಯದ ಕೈಯಲ್ಲಿದೆ, ಪ್ರಯಾಣಿಕನ ಕೈಯಲ್ಲಿಲ್ಲ ಎಂದು ವಾದಿಸುವವರು ಅರ್ಧ ಸತ್ಯವನ್ನು ಹೇಳುತ್ತಾರೆ. ಕೀನ್ಯಾದಲ್ಲಿಯೇ ೨೦೦೨ರ ಡಿಸೆಂಬರಿನ ಚುನಾವಣೆಯಿಂದ ಇಪ್ಪತ್ತನಾಲ್ಕು ವರ್ಷಗಳ ಮೋಯಿ ಆಳ್ವಿಕೆ ಕೊನೆಗೊಂಡಾಗ, ಕೆಲವು ವಾರಗಳ ಕಾಲ ಜನಸಾಮಾನ್ಯರೇ ಲಂಚ ಕೇಳಿದ ಪೊಲೀಸರನ್ನು ತಡೆದು ನಿಲ್ಲಿಸಿದರು. ಕಾನೂನು ಹಳೆಯದೇ, ಪೊಲೀಸರೂ ಹಳೆಬರೇ. ಕೊಡುವುದಿಲ್ಲ ಎಂಬ ಮಾತು ಮಾತ್ರ ಹೊಸದು. ಆ ಉತ್ಸಾಹ ಬಹುಕಾಲ ಉಳಿಯಲಿಲ್ಲವೆಂಬುದನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ನಿದ್ರೆ ಬಾರದ ಆ ಗೃಹಸ್ಥನ ಬಳಿಗೆ ಮರಳಬಹುದು. ಸೂರ್ಯಾಸ್ತದೊಳಗೆ ಉಣ್ಣಬೇಕು ಎಂಬುದು ನಿಯಮವೆಂದು ಆತನು ತಿಳಿದಿದ್ದನು. ನಿಯಮ ಹಾಗಿಲ್ಲ. ಸೂರ್ಯಾಸ್ತದ ನಂತರ ಉಣ್ಣಬಾರದು ಎಂಬುದಷ್ಟೇ ನಿಯಮ. ಠಾಣೆಯ ಬೆಂಚಿನ ಮೇಲೆ ಕುಳಿತಿದ್ದಾಗ ಸೂರ್ಯನು ಮುಳುಗಿದ್ದರೆ ಭಂಗವಾಗುತ್ತಿದ್ದುದು ನಿಯಮವಲ್ಲ, ಒಂದು ಹೊತ್ತಿನ ಊಟ. ಪರ್ಯುಷಣದಲ್ಲಿ ದಿನಗಟ್ಟಲೆ ನೀರಿನ ಮೇಲೆ ಇರಬಲ್ಲವನಿಗೆ ಅದು ಎಷ್ಟರ ಮಾತು? ಊಟವನ್ನು ಉಳಿಸಿಕೊಳ್ಳಲು ಕೊಟ್ಟ ಹಣಕ್ಕೆ ವ್ರತದ ಹೆಸರು ಇಟ್ಟದ್ದರಿಂದಲೇ ಆತನಿಗೆ ನಿದ್ರೆ ಬಾರದಾಯಿತು. ಪೊಲೀಸನು ಜನರ ಅವಸರದ ಮೇಲೆ ಬದುಕುತ್ತಾನೆ; ಹಸಿದು ಕಾಯಬಲ್ಲವರು ಆತನ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಉಪವಾಸ ಬಲ್ಲವನೊಬ್ಬನು ತನಗಿದ್ದ ಆ ಬಲವನ್ನೇ ಆ ಸಂಜೆ ಮರೆತನು.

ಮಕ್ಕಳ ಪ್ರಶ್ನೆ ಇದಕ್ಕಿಂತ ತೊಡಕಿನದು. ತಂದೆಯು ತಾನು ಹಸಿದಿರಬಹುದು. ತನ್ನ ಹಟಕ್ಕಾಗಿ ಎಂಟು ವರ್ಷದ ಕೂಸನ್ನು ಹಸಿದಿರಿಸುವ ಅಧಿಕಾರ ಅವನಿಗಿದೆಯೇ? ಇಲ್ಲವೆಂದೇ ತೋರುತ್ತದೆ. ಆದರೆ ಆ ಕೂಸೇ ಹಿಂದಿನ ಆಸನದಿಂದ ಕೈಯಿಂದ ಕೈಗೆ ಹೋದ ನೋಟನ್ನು ನೋಡಿತು, ಮನೆಯಲ್ಲಿ ಅದನ್ನು ಕುರಿತು ಯಾರೂ ಮಾತಾಡದೆ ಇದ್ದುದನ್ನೂ ನೋಡಿತು. ಆ ಮನೆಯ ಹಿರಿಯಳಾದ ಅತ್ತೆಯಂಥವಳು ಇದನ್ನು ಕೇಳಿದ್ದರೆ ಶಾಸ್ತ್ರವನ್ನು ತೆರೆಯುತ್ತಿರಲಿಲ್ಲ. ಹೊರಗೆ ಹೊರಟಾಗ ಕಾರಿನಲ್ಲಿ ಒಂದು ಡಬ್ಬಿ ಹುರಿಗಡಲೆ, ನಾಲ್ಕು ಬಾಳೆಹಣ್ಣು, ಕಾಯಿಸಿ ಸೋಸಿದ ನೀರು ಇಟ್ಟುಕೊಳ್ಳಬಾರದಾಗಿತ್ತೇ, ಐದು ಗಂಟೆಗೇ ಮಕ್ಕಳಿಗೆ ತಿನ್ನಿಸಿದ್ದರೆ ಆ ಪೊಲೀಸನು ಎಷ್ಟು ಹೊತ್ತು ನಿಲ್ಲಿಸಿಕೊಂಡರೇನು ಎಂದು ಗದರಿಸಿ, ಮರುದಿನದ ಪ್ರಯಾಣಕ್ಕೆ ತಾನೇ ಡಬ್ಬಿ ತುಂಬಿಸಿಡುತ್ತಿದ್ದಳು.