ಒಂದು ಸೂಜಿಯ ಲೆಕ್ಕ

ಅಮಾನತ್ ಎಂದೊಡನೆ ನಮಗೆ ನೆನಪಾಗುವುದು ನೆರೆಯವರು ಹಜ್ಜ್ ಯಾತ್ರೆಗೆ ಹೊರಡುವಾಗ ನಮ್ಮಲ್ಲಿ ಇಟ್ಟು ಹೋಗುವ ಹಣ, ಒಡವೆಗಳು. ಅವರು ಮರಳಿ ಬಂದು ಕೇಳಿದಾಗ "ನನ್ನ ಮೇಲೆ ನಂಬಿಕೆ ಇಲ್ಲವೇ?" ಎಂದು ಸಿಡುಕುವವನನ್ನು ನಾವು ಸಜ್ಜನನೆಂದು ಕರೆಯುತ್ತೇವೆಯೇ? ಇಟ್ಟವನಿಗೆ ಕೇಳುವ ಹಕ್ಕಿದೆ. ಇಟ್ಟುಕೊಂಡವನಿಗೆ ತೋರಿಸುವ ಹೊಣೆಯಿದೆ.

ಇಡೀ ಊರಿಗೆ ಸೇರಿದ ಅಮಾನತ್ ಕೂಡಾ ಒಂದಿದೆ. ಅದು ಗ್ರಾಮ ಪಂಚಾಯತ್‌ನ, ಪುರಸಭೆಯ ಕಪಾಟಿನಲ್ಲಿದೆ. ಯಾರಿಗೆ ಮನೆ ಮಂಜೂರಾಯಿತು, ರಸ್ತೆಗೆ ಎಷ್ಟು ಜಲ್ಲಿ ಬಿತ್ತು, ಬಾವಿಯ ದುರಸ್ತಿಗೆ ಎಷ್ಟು ಖರ್ಚಾಯಿತು, ಕೂಲಿಯ ಹಾಜರಿ ಪಟ್ಟಿಯಲ್ಲಿ ಯಾರ ಹೆಸರಿದೆ ಎಂಬುದೆಲ್ಲ ಅಲ್ಲಿನ ಕಾಗದಗಳಲ್ಲಿದೆ. ಆ ಹಣ ಜನರದ್ದು. ಆದರೆ ಆ ಕಾಗದಗಳನ್ನು ನೋಡಬೇಕೆಂದು ಹೋದವನನ್ನು ಮಾತ್ರ ನಾವು ಜಗಳಗಂಟನೆಂದು ಕರೆಯುತ್ತೇವೆ!

ಪ್ರವಾದಿವರ್ಯರು(ಸ) ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟಾಗಿದ್ದರೆಂಬುದನ್ನು ಸಹೀಹ್ ಮುಸ್ಲಿಮ್‌ನ ಒಂದು ಹದೀಸ್‌ನಿಂದ ತಿಳಿಯಬಹುದು. ಸಾರ್ವಜನಿಕ ಹೊಣೆಗೆ ನೇಮಕಗೊಂಡವನು ಒಂದು ಸೂಜಿಯನ್ನು ಬಚ್ಚಿಟ್ಟರೂ ಅದು ವಂಚನೆಯಾಗುವುದು, ಪುನರುತ್ಥಾನ ದಿನ ಅವನು ಅದನ್ನು ಹೊತ್ತು ತರಬೇಕಾಗುವುದು ಎಂದು ಅವರು ಎಚ್ಚರಿಸಿದ್ದರು. ಇದನ್ನು ಕೇಳಿದ ಓರ್ವ ಅನ್ಸಾರಿ ಎದ್ದು ನಿಂತು, ತನಗೆ ವಹಿಸಿದ ಹೊಣೆಯನ್ನು ಹಿಂದಕ್ಕೆ ಪಡೆಯಬೇಕೆಂದು ಬಿನ್ನವಿಸಿಕೊಂಡರು. ಒಂದು ಸೂಜಿಯ ಲೆಕ್ಕ ಅವರನ್ನು ನಡುಗಿಸಿತು. ಇಂದು ಲೋಡುಗಟ್ಟಲೆ ಮರಳು, ಸಿಮೆಂಟಿನ ಲೆಕ್ಕವೂ ನಮ್ಮನ್ನು ನಡುಗಿಸುವುದಿಲ್ಲ.

ಇಲ್ಲಿ ಕೆಲವರು ಒಂದು ಪ್ರಶ್ನೆ ಎತ್ತುತ್ತಾರೆ. ಇತರರ ಗುಟ್ಟುಗಳನ್ನು ಕೆದಕಬಾರದೆಂದು ಸೂರಃ ಅಲ್ ಹುಜುರಾತ್ ಕಲಿಸುತ್ತದೆ. ಸಹೋದರನ ಕುಂದನ್ನು ಮುಚ್ಚಬೇಕೆಂದು ಪ್ರವಾದಿ(ಸ) ಬೋಧಿಸಿದ್ದಾರೆ. ಹೀಗಿರುವಾಗ ಲೆಕ್ಕ ಕೇಳುವುದು ಸರಿಯೇ?

ಸಹೋದರರೇ, ಸಹೋದರಿಯರೇ, ಈ ಎರಡರ ಅಂತರವನ್ನು ಅರಿಯಬೇಕು. ಅಧಿಕಾರಿಯ ಮನೆಯ ಬಾಗಿಲು ಅವನದ್ದು. ಅದರೊಳಗೆ ಇಣುಕುವ ಹಕ್ಕು ಯಾರಿಗೂ ಇಲ್ಲ. ಕಚೇರಿಯ ಕಪಾಟು ಊರಿನದ್ದು. ಅದರ ಬೀಗದ ಕೈ ಮಾತ್ರ ಅವನ ಬಳಿಯಿದೆ. ಪ್ರವಾದಿವರ್ಯರು(ಸ) ಝಕಾತ್ ಸಂಗ್ರಹಕ್ಕೆ ಕಳುಹಿಸಿದ ಇಬ್ನುಲ್ಲುತ್ಬಿಯ್ಯಃ ಎಂಬವರು ಮರಳಿ ಬಂದು, ಇದು ನಿಮಗೆ, ಇದು ನನಗೆ ಬಂದ ಉಡುಗೊರೆ ಎಂದಾಗ ಪ್ರವಾದಿ(ಸ) ಸುಮ್ಮನಿರಲಿಲ್ಲ. ಲೆಕ್ಕ ಕೇಳಿದರು. ತಂದೆತಾಯಿಯ ಮನೆಯಲ್ಲೇ ಕುಳಿತಿದ್ದರೆ ಈ ಉಡುಗೊರೆ ಬರುತ್ತಿತ್ತೇ ಎಂದು ಪ್ರಶ್ನಿಸಿದರು. ಬಳಿಕ ಜನರ ಮುಂದೆ ನಿಂತು ಈ ವಿಷಯವನ್ನು ಬಹಿರಂಗವಾಗಿ ಹೇಳಿದರು. ಆದರೆ ಆ ಭಾಷಣದಲ್ಲಿ ಅವರ ಹೆಸರೆತ್ತಲಿಲ್ಲ. ಲೆಕ್ಕ ಬಹಿರಂಗವಾಯಿತು, ವ್ಯಕ್ತಿಯ ಮಾನ ಬೀದಿಗೆ ಬರಲಿಲ್ಲ. ನಮಗೆ ಇದಕ್ಕಿಂತ ಸ್ಪಷ್ಟವಾದ ಮಾದರಿ ಬೇಕೇ?

ಸೂರಃ ಅಲ್ ಬಕರಃದ ಸುದೀರ್ಘ ಸೂಕ್ತವೊಂದು ಸಾಲದ ವ್ಯವಹಾರವನ್ನು, ಅದು ಚಿಕ್ಕದಿರಲಿ ದೊಡ್ಡದಿರಲಿ, ಬೇಸರಿಸದೆ ಬರೆದಿಡಲು ಆದೇಶಿಸುತ್ತದೆ. ಅದರ ಮುಂದಿನ ಸೂಕ್ತ ಸಾಕ್ಷ್ಯವನ್ನು ಅಡಗಿಸುವವನ ಹೃದಯವೇ ಪಾಪಿಯೆಂದು ಸಾರುತ್ತದೆ. ಕಡತವೆಂದರೆ ಕಾಗದದ ಮೇಲಿನ ಸಾಕ್ಷ್ಯವಲ್ಲದೆ ಮತ್ತೇನು?

ಅಡಗಿಸಿಟ್ಟ ಸಾಕ್ಷ್ಯ ಹೊರಬಂದರೆ ಏನಾಗುತ್ತದೆಂಬುದನ್ನು ರಾಜಸ್ಥಾನದ ಬಡ ಕೂಲಿಕಾರರು ತೋರಿಸಿಕೊಟ್ಟರು. 1990ರಲ್ಲಿ ಸ್ಥಾಪನೆಯಾದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರ್‌ನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಗ್ರಾಮದಲ್ಲಿ ಜನರನ್ನು ಸೇರಿಸಿ, ಪಂಚಾಯತ್ ಕಾಮಗಾರಿಗಳ ಲೆಕ್ಕವನ್ನು ಗಟ್ಟಿಯಾಗಿ ಓದಿಸಿದರು. ಇಂತಹ ಸಭೆಗಳಲ್ಲಿ ದುಡಿಯದವರ ಹೆಸರಿಗೆ ಕೂಲಿ ಬರೆದಿರುವುದೂ ಅಪೂರ್ಣ ಕೆಲಸವನ್ನು ಪೂರ್ಣವೆಂದು ತೋರಿಸಿರುವುದೂ ಬಯಲಾಯಿತು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ಅವರು 40 ದಿನ ಧರಣಿ ಕುಳಿತರು. ನಮ್ಮ ಹಣ, ನಮಗೆ ಲೆಕ್ಕ ಬೇಕು ಎಂಬುದಷ್ಟೇ ಅವರ ಬೇಡಿಕೆ. ಕರ್ನಾಟಕ 2000ದಲ್ಲೇ ತನ್ನದೇ ಮಾಹಿತಿ ಹಕ್ಕು ಕಾಯ್ದೆ ಮಾಡಿತು. 2005ರ ಅಕ್ಟೋಬರ್ 12ರಿಂದ ಕೇಂದ್ರದ ಕಾಯ್ದೆ ಜಾರಿಗೆ ಬಂತು.

ಈ ಕಾಯ್ದೆಯಂತೆ ಮಾಹಿತಿ ಏಕೆ ಬೇಕೆಂದು ಕಾರಣ ಹೇಳಬೇಕಾಗಿಲ್ಲ. ಅರ್ಜಿ ಶುಲ್ಕ 10 ರೂಪಾಯಿ, ಬಡತನ ರೇಖೆಗಿಂತ ಕೆಳಗಿರುವವರಿಗೆ ಅದೂ ಇಲ್ಲ. ಬರೆಯಲು ಬಾರದವರ ಮಾತನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕು. 30 ದಿನಗಳೊಳಗೆ ಉತ್ತರಿಸಬೇಕು. ಕಡತವನ್ನು ಕಣ್ಣಾರೆ ನೋಡುವ ಹಕ್ಕೂ ಇದೆ. ಇದಲ್ಲದೆ ನಮ್ಮ ರಾಜ್ಯದ ಗ್ರಾಮ ಪಂಚಾಯತ್‌ಗಳಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ನಡೆಯಬೇಕು. ಅಂದು ಜನರ ಸಮ್ಮುಖದಲ್ಲೇ ಲೆಕ್ಕಪತ್ರ ಮತ್ತು ಕಾಮಗಾರಿಗಳ ತಪಾಸಣೆಯಾಗುತ್ತದೆ. ನಮ್ಮಲ್ಲಿ ಎಷ್ಟು ಮಂದಿ ಅಲ್ಲಿಗೆ ಹೋಗಿದ್ದೇವೆ?

ನಮಗೇಕೆ ಊರ ಉಸಾಬರಿ ಎಂದು ಮನೆಯಲ್ಲಿ ಕುಳಿತರೆ ನಷ್ಟ ಯಾರಿಗೆ? ಅನುಕೂಲಸ್ಥರಿಗಲ್ಲ. ಸೋರುವ ಸೂರಿನಡಿ ಮಕ್ಕಳನ್ನು ಮಲಗಿಸುವ ವಿಧವೆಗೆ. ಅವಳ ಪಾಲಿನ ಮನೆ ಇನ್ನಾರದೋ ಹೆಸರಿಗೆ ಹೋಗಿದ್ದರೆ ಅದಕ್ಕೆ ಸಾಕ್ಷಿ ಆ ಕಪಾಟಿನಲ್ಲಿರುವ ಒಂದು ಹಾಳೆ ಮಾತ್ರ. ಆ ವಿಧವೆ ಮುಸ್ಲಿಮಳೋ ಅಲ್ಲವೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ನ್ಯಾಯಕ್ಕೆ ಜಾತಿಯಿಲ್ಲ. ಓದು ಬಲ್ಲ ನಮ್ಮ ಯುವಕ ಯುವತಿಯರು ಅವಳಿಗಾಗಿ ಒಂದು ಅರ್ಜಿ ಬರೆದುಕೊಟ್ಟರೆ ಅದೂ ಪುಣ್ಯ ಕಾರ್ಯವೇ.

ಆದರೆ ಎಚ್ಚರಿಕೆ ಇರಲಿ. ಹಗೆ ತೀರಿಸಲು ಅರ್ಜಿ ಹಾಕುವುದು, ಸಿಕ್ಕಿದ ಕಾಗದ ತೋರಿಸಿ ಹೆದರಿಸಿ ಹಣ ಕೀಳುವುದು, ಪೂರ್ತಿ ಓದದೆ ಅಪವಾದ ಹಬ್ಬಿಸುವುದು ಕೂಡಾ ಖಿಯಾನತ್ತೇ. ಬಂದ ಸುದ್ದಿಯನ್ನು ಪರಿಶೀಲಿಸಿರಿ ಎಂಬ ಕುರ್‌ಆನಿನ ಆದೇಶ ಲೆಕ್ಕ ಕೇಳುವವನಿಗೂ ಅನ್ವಯಿಸುತ್ತದೆ.

ಇನ್ನೊಂದು ಮಾತು. ಪಂಚಾಯತ್‌ನ ಲೆಕ್ಕ ಕೇಳಲು ಹೊರಡುವ ನಮ್ಮ ಮಸೀದಿಯ, ಮದ್ರಸದ, ಝಕಾತ್ ನಿಧಿಯ ಲೆಕ್ಕ ಗೋಡೆಯ ಮೇಲೆ ತೂಗುತ್ತಿದೆಯೇ? ಜಮಾಅತಿನ ಬಡ ಸದಸ್ಯನೊಬ್ಬ ಅಂಜದೆ ಎದ್ದು ಕೇಳುವಂತಿದೆಯೇ? ಇಲ್ಲವಾದರೆ ಸುಧಾರಣೆಯನ್ನು ಮೊದಲು ಅಲ್ಲಿಂದಲೇ ಆರಂಭಿಸೋಣ.

ಒಂದು ದಿನ ನಮ್ಮ ಪ್ರತಿಯೊಬ್ಬರ ಕಡತವೂ ತೆರೆಯಲಿದೆ. ಅದನ್ನು ನಮ್ಮ ಕೈಗೇ ಕೊಟ್ಟು ನಮ್ಮಿಂದಲೇ ಓದಿಸಲಾಗುವುದು. ಅಂದು ಬೀಗವಿಲ್ಲ, ಶಿಫಾರಸು ಪತ್ರವಿಲ್ಲ, ಕಳೆದುಹೋದ ಹಾಳೆಯಿಲ್ಲ. ಆ ದಿನವನ್ನು ನಂಬುವವನು ಇಂದು ಲೆಕ್ಕ ತೋರಿಸಲು ಹಿಂಜರಿಯಲಾರ, ಲೆಕ್ಕ ಕೇಳಲು ಅಂಜಲಾರ.

ಅಮಾನತ್ ಕಾಪಾಡುವವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.